ಹಿಂದೆ ಬರುವವರ ಮಡ್‌ಗಾರ್ಡ್

"ಏನ್ರೀ, ಆಗಿಂದ ನೋಡ್ತಾ ಇದ್ದೀನಿ, ನನ್ನ ಹಿಂದೆ ಬಿದ್ದಿದ್ದೀರಾ?"

ಅವನು ಹಾಗೆಂದು ಗಕ್ಕನೆ ಸೈಕಲ್ ನಿಲ್ಲಿಸಿದಾಗ ಅವಳು ಅವನ ಹಿಂದಿನ ಚಕ್ರಕ್ಕೆ ಗುದ್ದುವುದೊಂದು ಬಾಕಿ. ಬ್ರೇಕ್ ಹಿಡಿದ ರಭಸಕ್ಕೆ ಚಕ್ರ ಒದ್ದೆ ಜಲ್ಲಿಯ ಮೇಲೆ ಅಡ್ಡ ಜಾರಿತು. ಹೇಗೋ ಒಂದು ಕಾಲು ಊರಿ ನಿಂತಳು. ಚಳಿಗಾಲ ಆಗಷ್ಟೇ ಶುರುವಾಗಿತ್ತು. ಕಾಲುವೆ ಪಕ್ಕದ ಆ ಮಣ್ಣುದಾರಿಯಲ್ಲಿ ಭಾನುವಾರ ಬೆಳಿಗ್ಗೆ ಇವರಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

"ನಿಮ್ಮ ಹಿಂದೆ ಯಾರು ಬೀಳ್ತಾರೆ?" ಎಂದಳು ಏದುಸಿರಿನಲ್ಲೇ. "ಎದುರುಗಾಳಿ ಜೋರಿದೆ, ನಿಮ್ಮ ಬೆನ್ನು ಅಗಲ ಇದೆ. ಮರೆಗೆ ಬಂದೆ, ಅಷ್ಟೇ."

"ಒಂದು ಮಾತು ಕೇಳಬಾರ್ದಾ?"

"ಯಾಕೆ, ಗಾಳಿಮರೆಗೆ ಟಿಕೆಟ್ ಇಟ್ಟಿದ್ದೀರಾ?"

ಅವನು ಏನೋ ಖಾರವಾಗಿ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟ. ಇಷ್ಟು ಹೊತ್ತು ಅವನ ಚಕ್ರ ಎರಚಿದ ಕೆಸರೆಲ್ಲ ಹಣೆಯಿಂದ ಗದ್ದದವರೆಗೆ ಅವಳ ಮುಖದ ಮೇಲೇ ಇತ್ತು. ಹಲ್ಲು ಬಿಟ್ಟರೆ ಹಲ್ಲಷ್ಟೇ ಬೆಳ್ಳಗೆ ಕಾಣುತ್ತಿತ್ತು.

"ಟಿಕೆಟ್ ದುಡ್ಡು ಆಗಲೇ ಕೊಟ್ಟಿದ್ದೀರಿ ಬಿಡಿ," ಎಂದ.

ಅವಳು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಕಳಿಸಿದ ಅಚ್ಚು ಮುಂದಿಟ್ಟುಕೊಂಡು, ಲ್ಯಾಬಿನ ಟ್ಯೂಬ್‌ಲೈಟಿನ ಕೆಳಗೆ ಕೂತು, ಬಿದ್ದುಹೋದ ಹಲ್ಲಿನ ಜಾಗಕ್ಕೆ ಇನ್ನೊಂದನ್ನು ತಯಾರಿಸುವವಳು. ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಹೊಂದಿಸುವುದರಲ್ಲಿ ಅವಳದು ಎತ್ತಿದ ಕೈ. ಅವನು ಲಿಫ್ಟ್ ರಿಪೇರಿಯವನು. ಅದನ್ನು ಕೇಳಿ ಅವಳು, "ಅಂದ್ರೆ ದಿನವಿಡೀ ಜನರನ್ನ ಮೇಲೆ ಕಳಿಸೋ ಕೆಲಸ," ಎಂದು ಕಾಲೆಳೆದಳು. "ಕೆಳಗೂ ಇಳಿಸ್ತೀನಿ, ಡಾಕ್ಟ್ರೇ. ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡೋರು ಮಾತ್ರ ನನಗೆ ಫೋನ್ ಮಾಡ್ತಾರೆ," ಎಂದ. ಅಂದಿನಿಂದ ಅವನು ಅವಳಿಗೆ ಲಿಫ್ಟು, ಅವಳು ಅವನಿಗೆ ಡಾಕ್ಟ್ರು.

ಮುಂದಿನ ಭಾನುವಾರ ಅವನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಅಂಗೈ ಅಗಲದ ಒಂದು ಹಳದಿ ಪ್ಲಾಸ್ಟಿಕ್ ತುಂಡು ನೇತಾಡುತ್ತಿತ್ತು. ಎಣ್ಣೆ ಕ್ಯಾನು ಕತ್ತರಿಸಿ ಮಾಡಿದ್ದು. ಸೈಕಲ್ ತುಳಿಯುವವರಿಗೆ ಇದರ ಮರ್ಮ ಗೊತ್ತು. ಮಡ್‌ಗಾರ್ಡು ನಮ್ಮ ಬೆನ್ನು ಕಾಯುತ್ತದೆ. ಅದರ ತುದಿಯ ಫ್ಲ್ಯಾಪಿನಿಂದ ನಮಗೆ ನಯಾಪೈಸೆ ಉಪಯೋಗವಿಲ್ಲ, ಅದಿರುವುದು ಹಿಂದೆ ಬರುವವರ ಮುಖಕ್ಕೆ ಕೆಸರು ಹಾರದಿರಲಿ ಎಂದು. ಒಂಟಿಯಾಗಿ ತುಳಿಯುವವರು ಅದನ್ನು ಹಾಕಿಕೊಳ್ಳುವುದಿಲ್ಲ.

"ಇದು ಯಾರಿಗೆ?" ಎಂದಳು, ಗೊತ್ತಿದ್ದೂ.

"ಹಿಂದೆ ಬೀಳೋರಿಗೆ," ಎಂದವನೇ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಹೊರಟ.

ಬೇರೆಯವರು ಹೂವಿಗೆ ಸೋಲುತ್ತಾರೆ, ಉಂಗುರಕ್ಕೆ ಸೋಲುತ್ತಾರೆ. ನಮ್ಮ ಡಾಕ್ಟ್ರು ಎಣ್ಣೆ ಕ್ಯಾನಿನ ತುಂಡೊಂದಕ್ಕೆ ಸೋತು ಸುಣ್ಣವಾದಳು. ಆ ದಿನ ಎಷ್ಟು ದೂರ ಹೋದರು, ಎಲ್ಲಿ ತಿರುಗಿದರು ಎಂದು ಕೇಳಿದರೆ ಅವಳಿಗೆ ತಲೆಬುಡ ಗೊತ್ತಿಲ್ಲ. ಎರಡೂ ಕಡೆ ನೀರು ಸಿಡಿಯುತ್ತಿತ್ತು. ಮಧ್ಯೆ ಆ ಹಳದಿ ತುಂಡು ಪಟಪಟ ಬಡಿದುಕೊಳ್ಳುತ್ತಿತ್ತು. ಅವಳ ಮುಖ ಒಣಗಿಯೇ ಇತ್ತು.

ಮನೆಯಲ್ಲಿ ಮೊದಲು ವಾಸನೆ ಹಿಡಿದವಳು ಅತ್ತಿಗೆ. ಅಣ್ಣನಿಗೆ ಇಂಥದ್ದೆಲ್ಲ ಹತ್ತಿರ ತಂದು ತೋರಿಸಿದರೂ ಕಾಣುವುದಿಲ್ಲ.

"ಮಳೆ ಬಂದ ದಿನ ತಲೆಯಿಂದ ಕಾಲಿನವರೆಗೆ ಕೆಸರು ಮೆತ್ಕೊಂಡು ಬರ್ತಿದ್ದವಳು, ಈಗ ನೋಡಿದ್ರೆ ಮುಖ ಮಾತ್ರ ತೊಳೆದಿಟ್ಟ ಹಾಗಿರತ್ತೆ," ಎಂದಳು ಬಾಗಿಲಲ್ಲೇ ತಡೆದು. "ಮುಂದುಗಡೆ ಯಾರಿದ್ದಾರೆ?"

"ಯಾರೂ ಇಲ್ಲ ಅತ್ತಿಗೆ. ಫ್ಲ್ಯಾಪ್ ಇದೆ."

"ಯಾರದು ಫ್ಲ್ಯಾಪು? ಎಲ್ಲಿ ಕೆಲಸ ಮಾಡ್ತಾನಂತೆ?"

ಅವಳು ನಕ್ಕು ನಕ್ಕು ಬಚ್ಚಲಿಗೆ ಓಡಿದಳು. ನಗು ನಿಂತ ಮೇಲೂ ಕನ್ನಡಿಯಲ್ಲಿ ತನ್ನ ಒಣಮುಖವನ್ನು ನೋಡುತ್ತ ನಿಂತಿದ್ದಳು. ಮದುವೆ ಮಾತು ಎತ್ತುವುದನ್ನು ಮನೆಯವರು ಬಿಟ್ಟು ಬಹಳ ದಿನವಾಗಿತ್ತು. ಆ ಮುಖವನ್ನು ಯಾರಾದರೂ ಕಾಯಬಹುದು ಎಂಬ ಆಸೆಯನ್ನು ಅವಳೇ ಕೈಬಿಟ್ಟಿದ್ದಳು.

ಚಳಿ ಏರಿತು. ರಸ್ತೆ ಬದಿಯ ಹುಲ್ಲು ಬೆಳಿಗ್ಗೆ ಇಬ್ಬನಿ ಕವಿದು ಬೆಳ್ಳಗಾಗಿರುತ್ತಿತ್ತು. ಕೈಗವಸಿನ ಒಳಗೆ ಬೆರಳು ಮರಗಟ್ಟಿ ಗೇರು ಬದಲಿಸಲು ಅಂಗೈಯಲ್ಲೇ ಒತ್ತಬೇಕಾಗುತ್ತಿತ್ತು. ಅವನು ಮುಂದೆ, ಅವಳು ಹಿಂದೆ. ಪ್ರತಿ ತಿರುವಿನಲ್ಲೂ ಅವನು ಗದ್ದವನ್ನು ಭುಜಕ್ಕೆ ತಾಗಿಸಿ, ತೋಳಿನ ಸಂದಿಯಿಂದ ಒಂದು ಸಲ ಹಿಂದೆ ನೋಡುತ್ತಿದ್ದ. ಕಣ್ಣು ಪೂರ್ತಿ ಕಾಣುತ್ತಿರಲಿಲ್ಲ. ಹುಬ್ಬಿನ ಒಂದು ತುದಿ, ಕೆನ್ನೆಯ ಒಂದು ಗೆರೆ ಕಾಣುತ್ತಿತ್ತು. ಅವಳು ಇದ್ದಾಳೆಂದು ಖಾತ್ರಿಯಾದರೆ ಆ ಗೆರೆ ತುಸು ಆಳವಾಗುತ್ತಿತ್ತು. ಆ ಗೆರೆಗಾಗಿ ಅವಳು ಮುಂದಿನ ತಿರುವಿನವರೆಗೆ ಜೀವ ಬಿಟ್ಟು ತುಳಿಯುತ್ತಿದ್ದಳು.

"ಸುಸ್ತಾದ್ರೆ ಕೂಗಿ," ಎಂದಿದ್ದ. "ನನ್ನ ಮರೆ ತಪ್ಪಿ ಹಿಂದೆ ಉಳಿದ್ರೆ, ಗಾಳಿ ಅಂತ ಕೂಗಿ. ನಿಲ್ತೀನಿ."

"ನನಗೆ ಕೂಗೋ ಪರಿಸ್ಥಿತಿ ಬರಲ್ಲ."

"ಬರದೇ ಇರ್ಲಿ. ಆದ್ರೂ ಒಂದು ಮಾತು ಇರ್ಲಿ."

ಹೊರಗೆ ಹೋಗಲಾಗದಷ್ಟು ಮಂಜು ಕವಿದ ಸಂಜೆಗಳಲ್ಲಿ ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರೂ ಸೈಕಲ್ಲುಗಳನ್ನು ಪಕ್ಕಪಕ್ಕ ಟ್ರೇನರ್ ಸ್ಟ್ಯಾಂಡಿಗೆ ಸಿಕ್ಕಿಸಿ ನಿಂತಲ್ಲೇ ತುಳಿಯುತ್ತಿದ್ದರು. ಸ್ಕ್ರೂಡ್ರೈವರು, ಹಗ್ಗದ ಸುರುಳಿ, ಲಿಫ್ಟಿನ ಹಳೆಯ ಗುಂಡಿಗಳು, ಗ್ರೀಸಿನ ವಾಸನೆ. ಕಿಟಕಿಯ ಗಾಜಿಗೆ ಇಬ್ಬರ ಉಸಿರೂ ಸೇರಿ ಹಬೆ ಕಟ್ಟುತ್ತಿತ್ತು. ಅವಳು ಅದರ ಮೇಲೆ ಬೆರಳಲ್ಲಿ ಒಂದು ಹಲ್ಲಿನ ಚಿತ್ರ ಬರೆದಳು. ಅವನು ಕೈ ಚಾಚಿ ಅದಕ್ಕೊಂದು ಹುಳುಕು ಬರೆದ.

ಗೋಡೆಯ ಮೇಲೆ ಬೆಡ್‌ಶೀಟ್ ಹೊದ್ದ ಇನ್ನೊಂದು ಸೈಕಲ್ ನೇತಾಡುತ್ತಿತ್ತು.

"ಅದ್ಯಾಕೆ ಮುಸುಕು ಹಾಕ್ಕೊಂಡಿದೆ?"

"ಅದು ಒಳ್ಳೇದು. ಕೆಸರು, ನೀರು, ತುಕ್ಕು ಎಲ್ಲಾ ತಿನ್ನೋಕೆ ಇದಿದೆಯಲ್ಲ," ಎಂದು ತಾನು ಕೂತಿದ್ದ ಹಳೇ ಸೈಕಲ್ಲಿನ ಹ್ಯಾಂಡಲ್ ತಟ್ಟಿದ. "ಇದು ಚಳಿಗಾಲದ ಸೈಕಲ್."

"ಪಾಪ. ಬಿಸಿಲು ಬಂದ್ಮೇಲೆ ಇದರ ಗತಿ?"

"ಗೋಡೆ," ಎಂದು ನಕ್ಕ.

ಅವಳೂ ನಕ್ಕಳು. ಆಗ ನಗು ಬಂದಿತ್ತು.

ಅಂಥದ್ದೇ ಒಂದು ಸಂಜೆ ತುಳಿಯುವುದನ್ನು ನಿಲ್ಲಿಸಿ, ಟವೆಲ್ಲಿನಿಂದ ಕುತ್ತಿಗೆ ಒರೆಸುತ್ತ ಅವನು ಕೇಳಿದ: "ಡಾಕ್ಟ್ರೇ, ನೀವು ನನ್ನ ಜೋಡಿ ಆಗ್ತೀರಾ?"

ಅವಳ ಎದೆ ಧಸಕ್ಕೆಂದಿತು. ಕಾಲು ಮಾತ್ರ ತನ್ನ ಪಾಡಿಗೆ ತುಳಿಯುತ್ತಲೇ ಇತ್ತು.

"ರೇಸ್‌ಗೆ," ಎಂದು ಸೇರಿಸಿದ ಅವನು. ಸೀಸನ್ನಿನ ಮೊದಲ ಗ್ರಾವೆಲ್ ರೇಸು, ಅಂದರೆ ಜಲ್ಲಿದಾರಿಯ ರೇಸು, ಹಳೇ ಕಲ್ಲು ಕ್ವಾರಿಯ ದಾರಿಗಳಲ್ಲಿ. ಅದರಲ್ಲೊಂದು ಜೋಡಿ ವಿಭಾಗ. ಇಬ್ಬರೂ ಗೆರೆ ದಾಟಬೇಕು. ಹಿಂದೆ ಬಂದವರ ಟೈಮೇ ಜೋಡಿಯ ಟೈಮು. "ಹೋದ್ವರ್ಷ ವಕೀಲಮ್ಮನ ಜೊತೆ ಓಡಿಸಿದ್ದೆ. ಕಾಲರ್‌ಬೋನ್ ಮುರ್ಕೊಂಡು ಕೂತಿದ್ದಾಳೆ ಅವಳು. ಅದಕ್ಕೂ ಮುಂಚೆನೇ ನಾವು… ಅದು ಬಿಡಿ, ಮುಗಿದ ಕಥೆ."

"ಆಗ್ತೀನಿ," ಎಂದಳು. ಆಮೇಲೆ ಅತ್ತ ತಿರುಗಿ, ಸಣ್ಣ ದನಿಯಲ್ಲಿ, "ಜೋಡಿಗೆ ಹೋಗಿ, ಬನ್ನಿ ಅಂತ ಬಹುವಚನ ಹಾಕ್ತಾರಾ ಯಾರಾದ್ರೂ? ನೀನು ಅನ್ನು," ಎಂದಳು.

"ಸರಿ. ನೀನು," ಎಂದ ಅವನು. ಎಷ್ಟು ಸುಲಭವಾಗಿ ಹೇಳಿಬಿಟ್ಟ! ಅವಳು ಆ ಎರಡಕ್ಷರವನ್ನು ಮನೆಯವರೆಗೂ ಹೊತ್ತುಕೊಂಡು ಹೋದಳು. ಮರುದಿನ ಲ್ಯಾಬಿನಲ್ಲಿ ಮುಂಭಾಗದ ಹಲ್ಲೊಂದಕ್ಕೆ ದವಡೆ ಹಲ್ಲಿನ ಬಣ್ಣ ಹಾಕಿ ಯಜಮಾನರಿಂದ ಬೈಸಿಕೊಂಡಳು. ಬೈಗುಳವೂ ಕಿವಿಗೆ ಬೀಳಲಿಲ್ಲ.

ಮುಗಿದ ಕಥೆ ಒಂದು ದಿನ ಶೆಡ್ಡಿನ ಬಾಗಿಲು ತಳ್ಳಿಕೊಂಡು ಒಳಗೆ ಬಂತು.

ವಕೀಲೆ ಒಳ್ಳೆಯವಳು. ಅದೇ ತೊಂದರೆ. ಸೊಟ್ಟ ಮೂತಿಯವಳೋ, ಜಂಬದವಳೋ ಆಗಿದ್ದರೆ ನಮ್ಮ ಡಾಕ್ಟ್ರಿಗೆ ಹೊಟ್ಟೆ ತುಂಬ ಬೈದುಕೊಳ್ಳಬಹುದಿತ್ತು. ಅವಳು ಬಂದವಳೇ, "ನೀವೇ ಅಲ್ವಾ ಡಾಕ್ಟ್ರು? ಇವನ ಸ್ಪೀಡಿಗೆ ನಿಲ್ತೀರಂತೆ, ಭೇಷ್," ಎಂದು ಎಡಗೈ ಚಾಚಿದಳು. ಬಲಭುಜ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. ರೇಸಿಗೆ ತಾನೂ ಬರುತ್ತೇನೆ, ಒಂಟಿ ವಿಭಾಗದಲ್ಲಿ, ನಿಧಾನಕ್ಕೆ, ಸುಮ್ಮನೆ ಭುಜ ನೋಡಿಕೊಳ್ಳಲು ಎಂದಳು. ಅವನು ಸ್ಪ್ಯಾನರ್ ಹಿಡಿದು ನಿಂತವನು ಹಿಡಿದೇ ನಿಂತಿದ್ದ.

ಆಗ ವಕೀಲೆಯ ಕಣ್ಣು ಹಳೇ ಸೈಕಲ್ಲಿನ ಹಿಂದಕ್ಕೆ ಹೋಯಿತು.

"ಅಯ್ಯೋ, ಇನ್ನೂ ಇದೆಯಾ ಇದು!" ಎಂದು ಬಗ್ಗಿ ಹಳದಿ ಫ್ಲ್ಯಾಪನ್ನು ಬೆರಳಿಂದ ತಟ್ಟಿದಳು. "ಬಾಯಿ ತುಂಬ ಕೆಸರು ತಿನ್ನಿಸ್ತೀಯ ಅಂತ ಒಂದು ವಾರ ಮಾತು ಬಿಟ್ಟಿದ್ದೆ ಇವನ ಹತ್ರ. ಆಮೇಲೆ ಇದನ್ನ ಕತ್ತರಿಸಿಕೊಂಡು ಮನೆ ಬಾಗಿಲಿಗೆ ಬಂದಿದ್ದ. ನೆನಪಿದೆಯೇನೋ?"

"ಹೂಂ," ಎಂದ ಅವನು. ನೆನಪಿದ್ದದ್ದು ಮುಖದ ಮೇಲೇ ಇತ್ತು.

ಡಾಕ್ಟ್ರು ಟ್ರೇನರಿನ ಮೇಲೆ ಕೂತಿದ್ದಳು. ತುಳಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇಬ್ಬರೂ ತಿರುಗಿ ನೋಡುತ್ತಿದ್ದರು. ಹೊಸ ಹಲ್ಲು ತಯಾರಾಗುವತನಕ ಕೂರಿಸಲೆಂದು ಲ್ಯಾಬಿನಲ್ಲಿ ಅವಳು ಎಷ್ಟೋ ತಾತ್ಕಾಲಿಕ ಹಲ್ಲುಗಳನ್ನು ಮಾಡಿದ್ದಳು. ಅವುಗಳಿಗೂ ಬಣ್ಣ ಸರಿಯಾಗಿಯೇ ಹೊಂದಿಸುತ್ತಿದ್ದಳು. ತೆಗೆದ ಮೇಲೆ ಅವು ಎಲ್ಲಿಗೆ ಹೋಗುತ್ತವೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಆದರೂ ಮನಸ್ಸು ಎಂಥ ಬೆಪ್ಪುತಕ್ಕಡಿ ನೋಡಿ. ಮನೆಗೆ ಬರುವ ದಾರಿಯಲ್ಲೇ ಅದು ಸಮಾಧಾನ ಹುಡುಕಿತು. ಅವಳಿಗೆಂದು ಕತ್ತರಿಸಿದ್ದೇ ಇರಲಿ, ನನಗೆಂದು ಮತ್ತೆ ಹಾಕಿದನಲ್ಲ. ಪ್ರತಿ ತಿರುವಲ್ಲೂ ತಿರುಗಿ ನೋಡಿದ್ದು ನನ್ನನ್ನೇ ಅಲ್ಲವೇ? ರೇಸಿನ ದಿನ ನೋಡಲಿ, ಒಂದೇ ಒಂದು ಸಲ ತಾನಾಗಿ ನೋಡಲಿ. ನೋಡಿದರೆ ಗೆರೆ ದಾಟಿದ ಮೇಲೆ ಎಲ್ಲವನ್ನೂ ಹೇಳಿಬಿಡುತ್ತೇನೆ. ಹೀಗೆಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಮಾತು ಕೊಟ್ಟ ಮೇಲೆ ಭಯ ಶುರುವಾಯಿತು.

ರೇಸಿನ ಹಿಂದಿನ ದಿನ ಸುರಿದ ಮಳೆಗೆ ಕ್ವಾರಿ ದಾರಿ ಪೂರ್ತಿ ಬೂದುಬಣ್ಣದ ಕೆಸರಾಗಿತ್ತು. ಗೋಡೆಯ ಮೇಲಿದ್ದ ಒಳ್ಳೇ ಸೈಕಲ್ ಕೆಳಗಿಳಿದಿತ್ತು. ಮಡ್‌ಗಾರ್ಡಿಲ್ಲ, ಫ್ಲ್ಯಾಪಿಲ್ಲ. ರೇಸಿಗೆ ಅವನ್ನು ಯಾರೂ ಹಾಕುವುದಿಲ್ಲ, ಅವಳಿಗದು ಗೊತ್ತಿತ್ತು. ಗೊತ್ತಿದ್ದರೂ ಕಣ್ಣು ಮತ್ತೆ ಮತ್ತೆ ಆ ಬೋಳು ಚಕ್ರಕ್ಕೇ ಹೋಗುತ್ತಿತ್ತು.

"ಟೈರಲ್ಲಿ ಗಾಳಿ ಕಮ್ಮಿ ಮಾಡಿದ್ದೀಯಾ? ಜಲ್ಲಿ ಮೇಲೆ ಹಿಡಿತ ಬೇಕು," ಎಂದು ಅವನು ಬಗ್ಗಿ ಅವಳ ಟೈರನ್ನು ಹೆಬ್ಬೆರಳಿಂದ ಒತ್ತಿ ನೋಡಿದ. "ಸರಿಯಾಗಿದೆ. ಹೆದರಬೇಡ. ನನ್ನ ಚಕ್ರ ಬಿಡಬೇಡ."

"ಬಿಡಲ್ಲ," ಎಂದಳು.

ಬಿಡಲೂ ಇಲ್ಲ, ಬಹಳ ದೂರದವರೆಗೆ. ಎಲ್ಲ ವಿಭಾಗದವರೂ ಒಟ್ಟಿಗೇ ಹೊರಟಿದ್ದರು. ಮೊದಲ ಏರಿನಲ್ಲಿ ಗುಂಪು ಚದುರಿತು. ಅವನ ಚಕ್ರ ಎರಚಿದ ಕೆಸರು ಅವಳ ಕನ್ನಡಕಕ್ಕೆ, ತುಟಿಗೆ, ಹಲ್ಲಿನ ಸಂದಿಗೆ ಬಂದು ಬೀಳುತ್ತಿತ್ತು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಳು. ಚಳಿಗಾಲದ ತುಳಿತ ಕಾಲಿನಲ್ಲಿತ್ತು. ಉಸಿರು ಹಿಡಿತದಲ್ಲಿತ್ತು. ಇನ್ನೂ ಗಟ್ಟಿಯಾಗಿ ತುಳಿಯಬಲ್ಲೆ ಎಂದು ಅವಳಿಗೆ ಖುಷಿಯೂ ಆಯಿತು, ಅಂಥ ಹೊತ್ತಿನಲ್ಲೂ.

ಎರಡನೇ ಏರಿನ ತುದಿಯಲ್ಲಿ ವಕೀಲೆ ಕಾಣಿಸಿದಳು. ನಿಧಾನಕ್ಕೆ ಎಂದವಳು ಮುಂದೆ ಹಾರಿಹೋಗುತ್ತಿದ್ದಳು. ಬಲಗೈ ಮಾತ್ರ ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಇಟ್ಟಂತಿತ್ತು. ಕಲ್ಲು ತುಂಬಿದ ಇಳಿಜಾರು ಬಂದಾಗ ಅವಳ ಸೈಕಲ್ ಒಂದು ಸಲ ಓಲಾಡಿತು.

ಅವನ ಬೆನ್ನು ಬಿಗಿಯಾದದ್ದು ಡಾಕ್ಟ್ರಿಗೆ ಹಿಂದಿನಿಂದ ಕಂಡಿತು.

ಅಲ್ಲಿಂದ ಅವನು ಬೇರೆಯವನಾದ. ವಕೀಲೆ ಬ್ರೇಕ್ ಹಿಡಿದರೆ ಇವನೂ ಹಿಡಿದ. ಅವಳು ಎದ್ದು ತುಳಿದರೆ ಇವನೂ ಎದ್ದ. ತಿರುವು ಬಂತು. ಡಾಕ್ಟ್ರು ಅವನ ತೋಳಿನ ಸಂದಿಗೆ ಕಣ್ಣು ನೆಟ್ಟಳು. ಗದ್ದ ಭುಜಕ್ಕೆ ತಾಗಲಿಲ್ಲ. ಇನ್ನೊಂದು ತಿರುವು ಬಂತು. ಇಲ್ಲ. ಇನ್ನೊಂದು ಬಂತು.

ಅವಳು ಕಾಲು ಸಡಿಲಿಸಿದಳು. ಬರೀ ಒಂದು ತುಳಿತದಷ್ಟು. ಅವನ ಚಕ್ರಕ್ಕೂ ಅವಳ ಚಕ್ರಕ್ಕೂ ನಡುವೆ ಒಂದು ಸೈಕಲ್ಲಿನ ಜಾಗ ಬಂತು, ಆ ಜಾಗಕ್ಕೆ ಗಾಳಿ ನುಗ್ಗಿತು. ಕೂಗಬಹುದಿತ್ತು. ಗಾಳಿ ಎಂದು ಒಂದು ಸಲ ಕೂಗಿದ್ದರೆ ಅವನು ಖಂಡಿತ ನಿಲ್ಲುತ್ತಿದ್ದ, ಕೊಟ್ಟ ಮಾತಿಗೆ ತಪ್ಪುವವನಲ್ಲ. ಆದರೆ ಕೂಗಿ ತಿರುಗಿಸಿಕೊಂಡ ಮುಖ ಅವಳಿಗೆ ಬೇಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಾದಳು. ಜಾಗ ಎರಡು ಸೈಕಲ್ಲಿನಷ್ಟಾಯಿತು, ಮರದುದ್ದವಾಯಿತು, ಆಮೇಲೆ ಒಂದು ಇಡೀ ತಿರುವಿನಷ್ಟಾಯಿತು. ಅವನು ನೋಡಲಿಲ್ಲ.

ಆಗ ಅವಳು ಅತ್ತಳು. ಕೆಸರಿನ ಮೇಲೆ ಕಣ್ಣೀರು ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೊಂದೇ ಅನುಕೂಲ. ಅವಳಿಗೆ ಅವನು ಬೇಕಿತ್ತು. ರೇಸಲ್ಲ, ಪದಕವಲ್ಲ, ಅವನು. ಚಳಿಗಾಲವಿಡೀ ಒಂದು ಬೆನ್ನಿನ ಹಿಂದೆ ಬೆಚ್ಚಗಿದ್ದು, ಆ ಬೆನ್ನು ತನ್ನದೆಂದುಕೊಂಡಿದ್ದಳು. ಜೋಡಿಗಳು ಒಂದೊಂದಾಗಿ ಅವಳನ್ನು ದಾಟಿ ಹೋದವು. "ನಿಮ್ಮ ಜೋಡಿ ಎಲ್ಲಿ?" ಎಂದು ಒಬ್ಬರು ಕೇಳಿದರು. "ಮುಂದೆ ಇದ್ದಾರೆ," ಎಂದಳು. ಅದು ಸುಳ್ಳೇನಲ್ಲ.

ಅವನಿಗೆ ತಿಳಿದದ್ದು ಗೆರೆ ದಾಟಿದ ಮೇಲೆ. ವಕೀಲೆಯ ಪಕ್ಕದಲ್ಲೇ ದಾಟಿ, ಅವಳ ಭುಜ ಹೇಗಿದೆಯೆಂದು ಕೇಳಿ, ನಗುತ್ತ ಹಿಂದೆ ತಿರುಗಿದರೆ ಖಾಲಿ ದಾರಿ. ಡಾಕ್ಟ್ರು ಕೊನೆಯ ತಿರುವು ದಾಟಿ ಬಂದಾಗ ಅವನು ಗೆರೆಯ ಆಚೆ ಸೈಕಲ್ ಹಿಡಿದು ನಿಂತು ದಾರಿಯನ್ನೇ ನೋಡುತ್ತಿದ್ದ. ಈಗ ನೋಡುತ್ತಿದ್ದ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.

ಅವಳು ಗೆರೆಯ ಈಚೆಗೇ ನಿಂತಳು.

"ಬಿದ್ದೆಯಾ? ಪಂಕ್ಚರಾ? ಏನಾಯ್ತು?"

"ಏನೂ ಆಗಿಲ್ಲ."

"ಮತ್ತೆ ಯಾಕೆ ಕೂಗಲಿಲ್ಲ? ಒಂದು ಮಾತು ಕೂಗಿದ್ರೆ ನಿಲ್ತಿದ್ದೆ!"

"ಗೊತ್ತು. ಅದಕ್ಕೇ ಕೂಗಲಿಲ್ಲ. ನೀನಾಗೇ ನೋಡ್ತೀಯೇನೋ ಅಂತ ಕಾದೆ."

ಅವನು ಅವಳು ಬಂದ ದಾರಿಯತ್ತ ನೋಡಿದ.

"ನೋಡಿದ್ರೆ ಹೇಳೋಣ ಅಂತಿದ್ದೆ," ಎಂದಳು. "ನೋಡಲಿಲ್ಲ. ಆದ್ರೂ ಹೇಳ್ಬಿಡ್ತೀನಿ, ಹೊತ್ಕೊಂಡು ವಾಪಸ್ ಹೋಗೋಕೆ ನನ್ನ ಕೈಲಾಗಲ್ಲ. ನನಗೆ ನೀನು ಇಷ್ಟ. ರೇಸ್‌ಗೆ ಅಲ್ಲ."

ಧ್ವನಿವರ್ಧಕದಲ್ಲಿ ಯಾರದೋ ನಂಬರು ಕೂಗುತ್ತಿದ್ದರು. ಅವನು ನೆಲ ನೋಡಿದ.

"ನನಗೆ ಗೊತ್ತಾಗ್ಲೇ ಇಲ್ಲ, ಡಾಕ್ಟ್ರೇ. ಅವಳು… ಮೊನ್ನೆ ಕೇಳಿದ್ಲು, ಮತ್ತೆ ಶುರು ಮಾಡೋಣವಾ ಅಂತ. ನಾನಿನ್ನೂ ಏನೂ ಹೇಳಿಲ್ಲ."

"ಹೇಳಿದ್ದಾಯ್ತಲ್ಲ. ಇವತ್ತು ದಾರಿ ಪೂರ್ತಿ ಅವಳಿಗೆ ಹೇಳ್ತಾನೇ ಇದ್ದೆ ನೀನು. ಹಿಂದಿನಿಂದ ಎಲ್ಲಾ ಕಾಣತ್ತೆ."

ಅವನು ಇಲ್ಲವೆನ್ನಲಿಲ್ಲ. ಸುಳ್ಳು ಹೇಳಲು ಬಾರದವನು. ಅವನಲ್ಲಿ ಅವಳು ಮೆಚ್ಚಿದ್ದೂ ಅದನ್ನೇ. ಸೈಕಲ್ಲನ್ನು ತಿರುಗಿಸಿ, ಗೆರೆ ದಾಟಿ ಈಚೆಗೆ ಬಂದು ಅವಳ ಪಕ್ಕ ನಿಂತ. ತೋಳಿನ ಅಂಚನ್ನು ಬೆರಳಿಗೆ ಎಳೆದುಕೊಂಡು, ಅವಳ ಎಡಗೆನ್ನೆಯ ಕೆಸರನ್ನು ಮೆಲ್ಲಗೆ ಒರೆಸಿದ. ಅವಳು ಕಣ್ಣು ಮುಚ್ಚಿ ನಿಂತಳು. ಚಳಿಗಾಲವಿಡೀ ಹಂಬಲಿಸಿದ ಕೈ ಅದು, ಈಗ ಕ್ಷಮೆ ಕೇಳಲು ಬಂದಿತ್ತು. ಅರ್ಧ ಕೆನ್ನೆ ಒರೆಸುವಷ್ಟರಲ್ಲಿ ಅವಳು ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು.

"ಸಾಕು. ಇನ್ನೂ ಒರೆಸಿದ್ರೆ ನಾನು ಮತ್ತೆ ಏನೇನೋ ಅಂದ್ಕೊಳ್ತೀನಿ."

"ಗೆರೆ ದಾಟೋಣ," ಎಂದ ಅವನು. "ಒಟ್ಟಿಗೆ. ಅಷ್ಟಾದ್ರೂ…"

ದಾಟಿದರು, ಪಕ್ಕಪಕ್ಕ, ನಡೆದಷ್ಟೇ ನಿಧಾನವಾಗಿ. "ಬಂತು, ಕೊನೇ ಜೋಡಿ ಬಂತು! ಜೋರು ಚಪ್ಪಾಳೆ!" ಎಂದಿತು ಧ್ವನಿವರ್ಧಕ. ಜನ ಚಪ್ಪಾಳೆ ತಟ್ಟಿದರು. ಬಲಗೈ ಎತ್ತಲಾಗದ ವಕೀಲೆ ಎಡಗೈಯಲ್ಲಿ ತೊಡೆ ತಟ್ಟುತ್ತ ಮನಸಾರೆ ಕೂಗಿದಳು. ಅಷ್ಟು ಮಂದಿಯ ಎದುರು ಅವರಿಬ್ಬರನ್ನು ಜೋಡಿಯೆಂದು ಕರೆದದ್ದು ಅದೊಂದೇ ಸಲ.

"ಭಾನುವಾರ…" ಎಂದು ಅವನು ಶುರು ಮಾಡಿದ.

"ಬೇಡ," ಎಂದಳು ಅವಳು. "ಅವಳಿಗೆ ಫ್ಲ್ಯಾಪ್ ಹಾಕು. ರೇಸ್ ಮುಗೀತಲ್ಲ."

ಬಾಗಿಲು ತೆಗೆದ ಅತ್ತಿಗೆ ಅವಳ ಮುಖ ನೋಡಿದಳು. ಹಣೆಯಿಂದ ಗದ್ದದವರೆಗೆ ಬೂದು ಕೆಸರು ಒಣಗಿ ಬಿರಿದಿತ್ತು. ಎಡಗೆನ್ನೆಯ ಮೇಲೆ ಮಾತ್ರ ಒಂದು ಒರೆಸಿದ ಗುರುತಿತ್ತು.

"ಇದನ್ನ ಯಾರು ಒರೆಸಿದ್ದು?"

"ಅವನೇ."

"ಮತ್ತೆ ಅರ್ಧಕ್ಕೆ ಯಾಕೆ ಬಿಟ್ಟ?"

"ನಾನೇ ಸಾಕು ಅಂದೆ ಅತ್ತಿಗೆ."

ಅತ್ತಿಗೆ ಅವಳ ಕೈಯಿಂದ ಸೈಕಲ್ ತೆಗೆದುಕೊಂಡು ಗೋಡೆಗೆ ಒರಗಿಸಿದಳು. "ಬಿಸಿನೀರು ಬಿಟ್ಟಿದ್ದೀನಿ, ಆರೋಕೆ ಮುಂಚೆ ಹೋಗು ಕಂದಾ," ಎಂದಳು.

ಅವಳು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಬಕೆಟ್ಟಿನ ಪಕ್ಕ ಕೂತಳು. ಒಂದು ಚೆಂಬು ನೀರು ಸಾಕಿತ್ತು ಮುಖ ತೊಳೆಯಲು. ಚೆಂಬು ತುಂಬಿಕೊಂಡಳು, ಮುಖದವರೆಗೂ ಎತ್ತಿದಳು. ಎಡಗೆನ್ನೆಯ ಆ ಗುರುತಿಗೆ ನೀರು ಹಾಕಲು ಕೈ ಬರಲಿಲ್ಲ. ಹೊರಗೆ ಅತ್ತಿಗೆ ಸೈಕಲ್ಲಿನ ಕೆಸರು ಕೆರೆಯುವ ಸದ್ದು ಕೇಳುತ್ತಿತ್ತು. ಬಕೆಟ್ಟಿನ ನೀರು ಆರುತ್ತಿತ್ತು. ಅವಳು ಚೆಂಬನ್ನು ಕೆಳಗಿಟ್ಟಳು.